ಹಿತ್ತಲ ಗಿಡ, ಹಿತ್ತಲ ನಲ್ಲಿ

ವಸಂತವನ್ನು ವರ್ಣಿಸದ ಕವಿ ಕನ್ನಡದಲ್ಲಿ ಇದ್ದಾನೆಯೆ? ಕೋಗಿಲೆ, ಮಾವಿನ ಚಿಗುರು, ಮಲ್ಲಿಗೆಯ ಬಳ್ಳಿ, ತೆಂಕಣ ದಿಕ್ಕಿನ ತಂಗಾಳಿ ಇವೆಲ್ಲ ಎಂದೋ ಕವಿಗಳ ಪಾಲಿಗೆ ಬರೆದುಹೋಗಿವೆ. ಗುಮಾಸ್ತನ ಪಾಲಿಗೆ ಉಳಿದಿರುವ ವಸಂತವೇ ಬೇರೆ. ಅದರ ಹೆಸರು ಮಾರ್ಚ್ 31. ಅಂದಿಗೆ ಆರ್ಥಿಕ ವರ್ಷ ಮುಗಿಯುತ್ತದೆ. ಅದರೊಳಗೆ ಬಿಲ್ಲುಗಳೆಲ್ಲ ಪಾಸಾಗಬೇಕು. ಖರ್ಚಾಗದೆ ಉಳಿದ ಹಣದ ಲೆಕ್ಕ ಒಪ್ಪಿಸಬೇಕು. ವರ್ಷವಿಡೀ ಮಲಗಿದ್ದ ಕಡತಗಳು ಒಮ್ಮೆಲೇ ಎದ್ದು ಕುಳಿತು 'ನನ್ನ ಗತಿ ಏನು?' ಎಂದು ಕೇಳತೊಡಗುತ್ತವೆ. ನಮ್ಮ ಕಚೇರಿಯ ಕಿಟಕಿಯಾಚೆ ಒಂದು ಕೆಂಪು ಬೂರುಗದ ಮರವಿದೆ. ಫೆಬ್ರವರಿ ಕೊನೆಯ ಹೊತ್ತಿಗೆ ಎಲೆಯೆಲ್ಲ ಉದುರಿಸಿ, ಬರಿಯ ಕೊಂಬೆಗಳ ತುಂಬ ಅಂಗೈಯಗಲದ ಹೂ ಬಿಟ್ಟುಕೊಂಡು ನಿಲ್ಲುತ್ತದೆ. ಹನ್ನೊಂದು ವರ್ಷದಿಂದ ಅದನ್ನು ನೋಡುತ್ತಿದ್ದೇನೆ. ಪ್ರತಿ ವರ್ಷವೂ ನನಗೆ ನೆನಪಾಗುವುದು 'ತುರ್ತು' ಕಡತಗಳಿಗೆ ಸಿಕ್ಕಿಸುವ ಕೆಂಪು ಚೀಟಿ. ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿದವನ ರಸಿಕತೆ ಇಲ್ಲಿಗೆ ಬಂದು ನಿಂತಿದೆಯೆಂದರೆ ವಾಚಕರು ಮರುಕಪಡಬೇಕೇ ಹೊರತು ನಗಬಾರದು.

ಈ ವರ್ಷ ಮಾತ್ರ ವಸಂತ ನೇರವಾಗಿ ನಮ್ಮ ಮನೆಗೇ ಬಂತು. ಕೋಗಿಲೆಯ ರೂಪದಲ್ಲಲ್ಲ, ಸೋರುವ ನಲ್ಲಿಯ ರೂಪದಲ್ಲಿ.

ನಾವಿರುವುದು ದಕ್ಷಿಣ ದೆಹಲಿಯ ರಾಮಕೃಷ್ಣಪುರಂನ ಒಂದು ಹಳೆಯ ಸರ್ಕಾರಿ ವಸತಿಯಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ. ಕೆಳಗಿನ ಮನೆಯಾದ್ದರಿಂದ ಹಿಂದುಗಡೆ ನಾಲ್ಕು ಹಗ್ಗದ ಮಂಚ ಹಾಸುವಷ್ಟು ಜಾಗವೂ ನಮ್ಮ ಪಾಲಿಗೆ ಬಂದಿದೆ. ಅದನ್ನು ಹಿತ್ತಲು ಎಂದು ಕರೆದರೆ ನಮ್ಮೂರಿನ ಹಿತ್ತಲುಗಳಿಗೆ ಅವಮಾನವಾದೀತು. ಆದರೂ ಒಂದು ತುಳಸಿ, ಒಂದು ಮಲ್ಲಿಗೆ, ಒಂದು ಕರಿಬೇವು, ಗೋಡೆಯಾಚೆಯಿಂದ ಒಳಕ್ಕೆ ಬಾಗಿದ ಒಂದು ಬೇವಿನ ಕೊಂಬೆ ಇಷ್ಟಿರುವ ಜಾಗವನ್ನು ಬೇರೆ ಯಾವ ಹೆಸರಿನಿಂದ ಕರೆಯಲಿ? ಗೋಡೆಗೆ ಸೇರಿದಂತೆ ಒಂದು ಹಿತ್ತಾಳೆಯ ನಲ್ಲಿ. ಅದರಡಿ ಪಾತ್ರೆ ತೊಳೆಯುವ ಕಲ್ಲು.

ಸರ್ಕಾರಿ ಮನೆಯಲ್ಲಿ ಇರುವವರಿಗೆ ಒಂದು ವೈರಾಗ್ಯ ತಾನಾಗಿಯೇ ಬಂದುಬಿಡುತ್ತದೆ. ಇಂದಲ್ಲ ನಾಳೆ ಬಿಡುವ ಮನೆ. ಇದಕ್ಕೇಕೆ ಕೈಯಿಂದ ಹಣ ಹಾಕಬೇಕು? 2016ರಲ್ಲಿ ಕೇಂದ್ರ ಸಂಪುಟ ಸರೋಜಿನಿನಗರ, ನೇತಾಜಿನಗರ ಮುಂತಾದ ಏಳು ಹಳೆಯ ಸರ್ಕಾರಿ ವಸತಿಪ್ರದೇಶಗಳನ್ನು ಕೆಡವಿ ಹೊಸದಾಗಿ ಕಟ್ಟಲು ಒಪ್ಪಿಗೆ ಕೊಟ್ಟಿತು. ನಮ್ಮ ಓಣಿ ಆ ಪಟ್ಟಿಯಲ್ಲಿರಲಿಲ್ಲ. ಆದರೆ 'ಮುಂದಿನ ಸರದಿ ನಮ್ಮದೇ' ಎಂಬ ಸುದ್ದಿ ಅಂದಿನಿಂದ ಪ್ರತಿ ಚಳಿಗಾಲಕ್ಕೂ ಒಮ್ಮೆ ನಮ್ಮ ಓಣಿಯಲ್ಲಿ ಸುಳಿದುಹೋಗುತ್ತದೆ. ಹೀಗಾಗಿ ನಮ್ಮಲ್ಲಿ ಯಾರೂ ಬಾಗಿಲಿಗೆ ಬಣ್ಣ ಬಳಿಸುವುದಿಲ್ಲ, ಗಿಡ ನೆಡುವುದಿಲ್ಲ. ಗೋಡೆಗೆ ಮೊಳೆ ಹೊಡೆಯುವಾಗಲೂ ಅನುಮಾನದಿಂದಲೇ ಹೊಡೆಯುತ್ತಾರೆ.

ಇಂಥ ಮನೆಯ ನಲ್ಲಿ ಸಂಕ್ರಾಂತಿ ಕಳೆದ ಮೇಲೆ ತೊಟ್ಟಿಕ್ಕಲು ತೊಡಗಿತು. ಮೊದಮೊದಲು ಗಂಟೆಗೆ ನಾಲ್ಕು ತೊಟ್ಟು. ನನ್ನಾಕೆ ಬಿಗಿಯಾಗಿ ತಿರುಗಿಸಿದಳು, ನಿಂತಿತು. ನಾಲ್ಕು ದಿನಕ್ಕೆ ಮತ್ತೆ ಶುರುವಾಯಿತು. ಇನ್ನೂ ಬಿಗಿಯಾಗಿ ತಿರುಗಿಸಿದಳು. ಕಡೆಗೆ ಅದನ್ನು ನಿಲ್ಲಿಸುವುದಕ್ಕೆ ನಾನೇ ಹೋಗಬೇಕಾಯಿತು. ತೆರೆಯುವುದಕ್ಕೂ ನಾನೇ ಹೋಗಬೇಕಾಯಿತು. ಫೆಬ್ರವರಿ ಮುಗಿಯುವ ಹೊತ್ತಿಗೆ ಎಷ್ಟು ಬಿಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂಬಂತಾಯಿತು.

ಹೇಳಿ ಕೇಳಿ ನಾನು ಗುಮಾಸ್ತ. ನನಗೆ ಗೊತ್ತಿರುವ ರಿಪೇರಿ ಒಂದೇ: ಅರ್ಜಿ ಬರೆಯುವುದು. ವಸತಿಗಳ ದುರಸ್ತಿ ನೋಡಿಕೊಳ್ಳುವ ಕಚೇರಿಗೆ ದೂರು ಕೊಟ್ಟೆ. ಒಂದು ಸಂಖ್ಯೆ ಬಂತು. ಆ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಂಡ ಕ್ಷಣವೇ ನನ್ನ ಮಟ್ಟಿಗೆ ನಲ್ಲಿ ಸೋರುವುದು ನಿಂತುಹೋಯಿತು. ವಿಷಯ ಇನ್ನು ನನ್ನ ಮೇಜಿನ ಮೇಲಿಲ್ಲ ಎಂಬುದೇ ನಮ್ಮ ವೃತ್ತಿಯ ಪರಮಾನಂದ. ರಾತ್ರಿ ಟಪ್ ಟಪ್ ಎಂಬ ಸದ್ದು ಕೇಳಿಸಿದರೆ 'ದೂರು ಕೊಟ್ಟಾಗಿದೆಯಲ್ಲ' ಎಂದು ಮಗ್ಗುಲು ಬದಲಿಸಿ ನಿದ್ದೆಹೋಗುತ್ತಿದ್ದೆ.

ನಿದ್ದೆಹೋಗದೆ ಇದ್ದವರು ನಮ್ಮ ತಂದೆ.

ಹೋದ ಕಾರ್ತಿಕದಲ್ಲಿ ಅಮ್ಮ ತೀರಿಕೊಂಡರು. ತಿಪಟೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಒಬ್ಬರೇ ಉಳಿದರು. ಒಂದು ತೆಂಗಿನ ತೋಟ, ಕೊಳವೆಬಾವಿಯಲ್ಲಿ ನೀರು ಬಂದ ದಿನ ಹಬ್ಬ, ಬಾರದ ದಿನ ಉಪವಾಸ. ಎಪ್ಪತ್ತು ದಾಟಿದವರನ್ನು ಹೇಗೆ ಬಿಟ್ಟಿರುವುದು? ತೋಟವನ್ನು ದಾಯಾದಿಯೊಬ್ಬನಿಗೆ ನೋಡಿಕೊಳ್ಳಲು ಹೇಳಿ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆಸಿ ದೆಹಲಿಗೆ ಕರೆದುಕೊಂಡು ಬಂದೆ. ಬಂದದ್ದು ಡಿಸೆಂಬರಿನಲ್ಲಿ. ಆ ಚಳಿಗೆ ಅವರ ಬಾಯಿಯೇ ಕಟ್ಟಿಹೋಯಿತು. ಓಣಿಯಲ್ಲಿ ಮಾತಾಡೋಣವೆಂದರೆ ಭಾಷೆ ಬಾರದು. ನಾವು ಮಾತ್ರ ಅವರಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಂಡೆವು ಎಂದು ಎದೆ ತಟ್ಟಿ ಹೇಳಬಲ್ಲೆ. ಒಂದು ಚೊಂಬು ಎತ್ತಿದರೆ 'ಅಪ್ಪಾ, ನೀವು ಬಿಡಿ' ಎಂದು ನಾನು ಕಸಿದುಕೊಳ್ಳುತ್ತಿದ್ದೆ. ಪೊರಕೆ ಮುಟ್ಟಿದರೆ 'ಮಾವ, ನೀವು ಕೂತ್ಕೊಳ್ಳಿ' ಎಂದು ನನ್ನಾಕೆ ಓಡಿಬರುತ್ತಿದ್ದಳು. ಅವರು ಕುಳಿತುಕೊಳ್ಳುತ್ತಿದ್ದರು. ಮಂಗನಟೋಪಿ ಹಾಕಿಕೊಂಡು ಹಿತ್ತಲ ಬಿಸಿಲಿನಲ್ಲಿ, ಕರಿಬೇವಿನ ಗಿಡದ ಪಕ್ಕದಲ್ಲಿ, ಕುರ್ಚಿಯಿಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತೇ ಇರುತ್ತಿದ್ದರು. ಎರಡು ದಿನಕ್ಕೊಮ್ಮೆ, 'ಊರಿಗೆ ಟಿಕೆಟ್ಟು ನೋಡಪ್ಪ' ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಮೈ ಇಳಿಯುತ್ತ ಬಂತು. ವೈದ್ಯರಿಗೆ ತೋರಿಸಿದೆವು. ರಕ್ತ, ಮೂತ್ರ ಎಲ್ಲ ಸರಿಯಾಗಿವೆ ಎಂದರು. ಹಾಲು, ಹಣ್ಣು ಹೆಚ್ಚು ಮಾಡಿದೆವು.

ಒಂದು ರಾತ್ರಿ ಎರಡು ಗಂಟೆಯ ಸಮಯ. ಎಚ್ಚರವಾಗಿ ನೋಡುತ್ತೇನೆ, ಹಿತ್ತಲ ದೀಪ ಉರಿಯುತ್ತಿದೆ. ಅಪ್ಪ ಕಂಬಳಿ ಹೊದ್ದು, ನಲ್ಲಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ತುಂಬಿದ ಚೊಂಬನ್ನು ತೆಗೆದು ಬಕೆಟ್ಟಿಗೆ ಸುರಿದು, ಮತ್ತೆ ಚೊಂಬನ್ನು ನಲ್ಲಿಯ ಕೆಳಗೆ ಇಡುತ್ತಿದ್ದಾರೆ.

"ಇದೇನಪ್ಪಾ, ಈ ಚಳಿಯಲ್ಲಿ!"

"ನೀರು ಹೋಗ್ತಾ ಐತಲ್ಲಪ್ಪ."

"ದೂರು ಕೊಟ್ಟಿದ್ದೀನಿ. ಬಂದು ಮಾಡ್ತಾರೆ."

"ಕೊಟ್ಟು ಎಷ್ಟು ದಿನ ಆಯ್ತು?"

"ಎರಡು ವಾರ."

ಅಪ್ಪ ನನ್ನ ಮುಖ ನೋಡಿದರು. "ಕಾಗದ ಬರೆದ್ರೆ ನೀರು ನಿಲ್ತದಾ ಮಗಾ?" ಎಂದರು. ಕೋಪದಿಂದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತೆ ಕೇಳಿದರು. ಅದೇ ನನಗೆ ಹೆಚ್ಚು ನಾಟಿತು.

ಮರುದಿನ ರಾತ್ರಿ ಅಳೆದು ನೋಡಿದೆ. ಹತ್ತು ಗಂಟೆಗೆ ಇಟ್ಟ ಹದಿನೈದು ಲೀಟರಿನ ಬಕೆಟ್ಟು ಬೆಳಗಿನ ಆರಕ್ಕೆ ಸರಿಯಾಗಿ ಅರ್ಧ ತುಂಬಿತ್ತು. ಲೆಕ್ಕ ಹಾಕುವುದು ನನ್ನ ಕಸುಬಲ್ಲವೆ? ದಿನಕ್ಕೆ ಇಪ್ಪತ್ತೆರಡೂವರೆ ಲೀಟರು, ತಿಂಗಳಿಗೆ 675, ವರ್ಷಕ್ಕೆ 8,000 ಲೀಟರಿಗೂ ಮೇಲೆ. ನಮ್ಮೂರಿನಲ್ಲಿ ಬೇಸಗೆಯಲ್ಲಿ ಟ್ಯಾಂಕರಿನವನು ಬಾಗಿಲಿಗೆ ತರುವ ನೀರಿನಲ್ಲಿ ಎರಡು ಟ್ಯಾಂಕರು ಎಂದರು ಅಪ್ಪ. ಆ ಮಾತು ಹೇಳುವಾಗ ಅವರು ನಲ್ಲಿಯನ್ನು ನೋಡುತ್ತಿರಲಿಲ್ಲ. ಎಲ್ಲಿಯೋ ನೋಡುತ್ತಿದ್ದರು. ಎರಡು ಬೇಸಗೆಯ ಹಿಂದೆ ತಲೆಬಿದ್ದ ಹನ್ನೆರಡು ತೆಂಗಿನ ಮರಗಳು ಕಣ್ಣ ಮುಂದೆ ಬಂದಿರಬೇಕು.

"ಭಾನುವಾರ ನಾವೇ ಬಿಚ್ಚಿ ನೋಡಾನ" ಎಂದರು.

'ಅಪ್ಪಾ, ನೀವು ಬಿಡಿ' ಎನ್ನುವ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂತು. ಹೇಗೋ ನುಂಗಿಕೊಂಡೆ.

ಭಾನುವಾರ ಬಂತು. ಪಕ್ಕದ ಮನೆಯ ಪಂಜಾಬಿ ತಾಯಿಯವರಿಂದ ಒಂದು ಪಾನಾ ಎರವಲು ತಂದಾಯಿತು. ಮೊದಲು ನೀರು ನಿಲ್ಲಿಸಬೇಕಷ್ಟೆ. ನಮ್ಮ ಕಟ್ಟಡದ ತಾರಸಿಯ ಮೇಲೆ ನಾಲ್ಕು ಮನೆಗೆ ನಾಲ್ಕು ಟ್ಯಾಂಕುಗಳು. ಒಂದೊಂದರ ಬುಡದಲ್ಲಿಯೂ ಒಂದು ವಾಲ್ವು. ಯಾವುದು ಯಾರದೆಂಬುದಕ್ಕೆ ಗುರುತಿಲ್ಲ. ಎಡಗಡೆಯಿಂದ ಎರಡನೆಯದು ನಮ್ಮದೆಂದು ನಾನು ತೀರ್ಮಾನಿಸಿ, ಬಿಗಿಯಾಗಿ ತಿರುಗಿಸಿ, ಕೆಳಗಿಳಿದು ಬಂದೆ.

"ನಲ್ಲಿ ಬಿಟ್ಟು ನೋಡು, ನೀರು ನಿಂತದಾ" ಎಂದರು ಅಪ್ಪ.

ಬಿಟ್ಟೆ. ನೀರು ಬರುತ್ತಿತ್ತು. "ಕೊಳವೆಯಲ್ಲಿ ಉಳಿದಿರೋ ನೀರು, ಈಗ ನಿಲ್ತದೆ" ಎಂದು ಅಧಿಕಾರವಾಣಿಯಿಂದ ಹೇಳಿದೆ. ಅಪ್ಪ ಅನುಮಾನಿಸಿದರು. ಆದರೆ ಬಿ.ಎ. ಓದಿದ ಮಗ ಹೇಳಿದ ಮೇಲೆ ಹೇಗೆ ನಂಬದಿರುವುದು? ನಲ್ಲಿಯ ತಲೆಗೆ ಪಾನಾ ಹಾಕಿದರು. ಒಂದು ಸುತ್ತು, ಎರಡು ಸುತ್ತು; ಮೂರನೆಯ ಸುತ್ತಿಗೆ ನಲ್ಲಿಯ ತಲೆ ಹಾರಿ ಕರಿಬೇವಿನ ಬುಡಕ್ಕೆ ಬಿತ್ತು. ಹಿಂದೆಯೇ ಆಳೆತ್ತರಕ್ಕೆ ನೀರು ಚಿಮ್ಮಿತು!

ಮುಂದಿನ ಐದು ನಿಮಿಷ ನಡೆದುದನ್ನು ಕ್ರಮವಾಗಿ ಹೇಳಲಾರೆ. ಅಪ್ಪ ಅಂಗೈಯನ್ನು ಕೊಳವೆಯ ಬಾಯಿಗೆ ಒತ್ತಿ ಹಿಡಿದರು. ಮೇಲಕ್ಕೆ ಹೋಗುತ್ತಿದ್ದ ನೀರು ಸುತ್ತಲೂ ಬೀಸಣಿಗೆಯಂತೆ ಹರಡಿ ಎಲ್ಲರನ್ನೂ ತೋಯಿಸಿತು. ನಾನು ತಾರಸಿಗೆ ಓಡಿದೆ. ಅರ್ಧ ಮೆಟ್ಟಿಲಿನಲ್ಲಿ ಮೇಲಿನ ಮನೆಯ ಬಂಗಾಲಿ ಬಾಬು ಎದುರಾದರು. ಸೊಂಟಕ್ಕೆ ಟವಲು, ತಲೆಯಿಂದ ಭುಜದವರೆಗೆ ಸೋಪಿನ ನೊರೆ, ಒಂದು ಕಣ್ಣು ಮುಚ್ಚಿದೆ. ನಾನು ನಿಲ್ಲಿಸಿದ್ದು ಅವರ ಮನೆಯ ನೀರು. ಅವರು ಒಂದೇ ಕಣ್ಣಿನಿಂದ ನನ್ನನ್ನು ನೋಡಿದ ನೋಟವನ್ನು ನಾನು ನಿವೃತ್ತಿಯಾಗುವವರೆಗೂ ಮರೆಯಲಾರೆ. ಅವರದನ್ನು ತೆರೆದು, ನಮ್ಮದನ್ನು ಹುಡುಕಿ, ತುಕ್ಕು ಹಿಡಿದು ಕೂತಿದ್ದ ಅದನ್ನು ಬಟ್ಟೆ ಸುತ್ತಿ ತಿರುಗಿಸಿ ಮತ್ತೆ ಕೆಳಗೆ ಬಂದೆ.

ಬಂದು ನೋಡಿದರೆ, ಅಪ್ಪ ನೆತ್ತಿಯಿಂದ ಅಂಗಾಲಿನವರೆಗೆ ತೊಯ್ದಿದ್ದಾರೆ. ಮಂಗನಟೋಪಿಯಿಂದ ನೀರು ಇಳಿಯುತ್ತಿದೆ. ನನ್ನ ಎಂಟು ವರ್ಷದ ಮಗಳು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದಾಳೆ. ಮತ್ತೆ ಅಪ್ಪ ನಗುತ್ತಿದ್ದಾರೆ. ಮೈಯೆಲ್ಲ ಕುಲುಕಿ, ಹಲ್ಲಿಲ್ಲದ ಬಾಯಿ ಅಗಲ ಮಾಡಿಕೊಂಡು ನಗುತ್ತಿದ್ದಾರೆ. ಅಮ್ಮ ಹೋದ ಮೇಲೆ ಆ ನಗು ನಾವು ಕಂಡಿರಲಿಲ್ಲ. ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದ ನನ್ನಾಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಮುಖಕ್ಕೆ ನೀರು ಸಿಡಿದಿರಲಿಲ್ಲ.

ಒಣಗಿದ ಬಟ್ಟೆ ಉಟ್ಟು ಕುಳಿತ ಮೇಲೆ ಅಪ್ಪ ನಲ್ಲಿಯ ಶಾಸ್ತ್ರವನ್ನು ನಮಗೆ ವಿವರಿಸಿದರು. ಹಿಡಿಯನ್ನು ತಿರುಗಿಸಿದರೆ ಒಳಗಿನ ಸ್ಪಿಂಡಲು ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಒಂದು ವಾಷರು; ಅದು ಹೋಗಿ ನೀರು ಬರುವ ಬಾಯಿಯ ಮೇಲೆ ಕೂರುತ್ತದೆ. ಇಷ್ಟೇ ನಲ್ಲಿ. ದೆಹಲಿಯ ಗಡಸು ನೀರಿಗೆ ಒಳಗೆಲ್ಲ ಸುಣ್ಣದ ಹೆಕ್ಕಳಿಕೆ ಕಟ್ಟಿತ್ತು. ವಾಷರು ಒಣಗಿದ ಚಕ್ಕುಲಿಯ ಹಾಗೆ ಸೀಳಿಹೋಗಿತ್ತು. "ಮೆದು ಇರೋತನಕ ಅದು ಮೆಲ್ಲಗೆ ಕೂತ್ರೂ ನೀರು ನಿಲ್ತದೆ. ನೀವು ಬಿಗೀತಾ ಬಿಗೀತಾ ಬಂದ್ರಿ. ಬಿಗಿದಷ್ಟೂ ಜಜ್ಜಿಹೋಯ್ತು" ಎಂದರು. ನಾನೂ ನನ್ನಾಕೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಾಷರು ತರಲು ಅಂಗಡಿಗೆ ಹೋದೆ. 'ಈಗ ವಾಷರು ಯಾರು ಹಾಕಿಸುತ್ತಾರೆ? ನಲ್ಲಿಯನ್ನೇ ಹೊಸದು ಕೊಳ್ಳಿ' ಎಂದ ಅಂಗಡಿಯವನು. ಒತ್ತಾಯಿಸಿ ಎರಡು ವಾಷರು ತಂದೆ. ಒಂದು ದೊಡ್ಡದಾಯಿತು, ಒಂದು ತೆಳುವಾಯಿತು. ಅಪ್ಪ ಎರಡನ್ನೂ ಪಕ್ಕಕ್ಕಿಟ್ಟು, ಎದ್ದು ಒಳಗೆ ಹೋಗಿ, ಊರಿನಿಂದ ತಂದಿದ್ದ ತಮ್ಮ ಹಳೆಯ ಎಕ್ಕಡವನ್ನು ತಂದರು. ದೆಹಲಿಯಲ್ಲಿ ಕ್ಯಾನ್‌ವಾಸಿನ ಬೂಟು ಕೊಡಿಸಿದ ಮೇಲೆ ನಾವು ಅದನ್ನು ಮಂಚದ ಕೆಳಗೆ ತಳ್ಳಿದ್ದೆವು. ಹಿಮ್ಮಡಿಯ ತೊಗಲಿನಲ್ಲಿ ಸವೆಯದ ಒಂದು ಭಾಗ ನೋಡಿ, ಹಳೆಯ ವಾಷರಿನ ಅಳತೆಗೆ ಚಾಕುವಿನಿಂದ ದುಂಡಗೆ ಕೊಯ್ದು, ಮೊಳೆಯಿಂದ ನಡುವೆ ತೂತು ಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಒಂದು ಗಂಟೆ ನೆನೆಹಾಕಿದರು. ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದಲ್ಲಿ ತಮ್ಮ ತಂದೆ ತೊಗಲು ಹೊಲಿಯುವಾಗ ಚಿಕ್ಕವರಾಗಿದ್ದ ಇವರು ಅದರ ಅಂಚು ಹಿಡಿದುಕೊಂಡು ಕೂರುತ್ತಿದ್ದರಂತೆ. ಆಮೇಲೆ ಪಂಪುಸೆಟ್ಟು ಬಂದಾಗ ಬಾವಿಯೊಳಗಿನ ಫುಟ್‌ವಾಲ್ವಿಗೂ ತಾವೇ ತೊಗಲು ಕೊಯ್ದು ಹಾಕುತ್ತಿದ್ದರಂತೆ. ಮೂವತ್ತು ವರ್ಷ ಮೀರಿ ಅವರ ಮಗನಾಗಿದ್ದೂ ಇದನ್ನು ನಾನು ಕೇಳಿಯೇ ಇರಲಿಲ್ಲ. ನಾನು ದೂರು ಕೊಟ್ಟು ದೆಹಲಿಯಲ್ಲೆಲ್ಲ ಯಾರ ದಾರಿ ಕಾಯುತ್ತಿದ್ದೆನೋ ಆತ ನಮ್ಮ ಹಿತ್ತಲಿನಲ್ಲಿಯೇ ಮೂರು ತಿಂಗಳಿಂದ ಕುರ್ಚಿಯ ಮೇಲೆ ಕುಳಿತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವನಿಗೆ ನಮ್ಮ ಮನೆಯ ವಿಳಾಸ ಯಾರು ಕೊಟ್ಟರೋ!

ಎಣ್ಣೆ ಕುಡಿದ ತೊಗಲು ಒಳಗೆ ಹೋಗಿ ಕೂತಿತು. ಸ್ಪಿಂಡಲಿನ ಕುತ್ತಿಗೆಗೆ ನೂಲು ಸುತ್ತಿ ಬಿಗಿದರು. ಮೇಲೆ ಹೋಗಿ ವಾಲ್ವು ತೆರೆದು ಬಂದೆ. ಎಲ್ಲರೂ ಉಸಿರು ಬಿಗಿಹಿಡಿದು ನಲ್ಲಿಯ ಮೂತಿಯನ್ನೇ ನೋಡುತ್ತ ನಿಂತೆವು. ಒಂದು ತೊಟ್ಟು ಬಿತ್ತು. ಇನ್ನೊಂದು ತುದಿಗೆ ಬಂದು ತೂಗಾಡಿತು. ಬೀಳಲಿಲ್ಲ.

"ತಾತ, ಈಗ ಟಪಕ್‌ತಾ ಇಲ್ಲ" ಎಂದಳು ಮಗಳು.

"ಅದೇನು ಟಪಕ್‌ತಾ? ತೊಟ್ಟಿಕ್ತಾ ಇಲ್ಲ ಅನ್ನು ಪುಟ್ಟಿ" ಎಂದರು ತಾತ. ಅಂದಿನಿಂದ ಅವಳಿಗೆ ಪಾಠ ಶುರುವಾಯಿತು. ಕಲ್ಲಿನ ಸಂದಿಯಿಂದ ನೀರು ಬಂದರೆ ಜಿನುಗುವುದು. ಮಡಕೆಯ ಮೈಯಿಂದ ಬಂದರೆ ಒಸರುವುದು. ನಲ್ಲಿಯಿಂದ ಹನಿಹನಿಯಾಗಿ ಬಂದರೆ ತೊಟ್ಟಿಕ್ಕುವುದು. ಸೂರಿನಿಂದ ಬಂದರೆ ಸೋರುವುದು. ಮೊನ್ನೆ ತಾತನ ತಲೆಯ ಮೇಲೆ ಬಂದದ್ದು ಚಿಮ್ಮುವುದು. ಸಂಘದ ಭಾನುವಾರದ ಕನ್ನಡ ತರಗತಿಗೆ ಹೋಗಲು ಅಳುತ್ತಿದ್ದ ಹುಡುಗಿ ಇಡೀ ಓಣಿ ಸುತ್ತಿ, ಯಾರ ಮನೆಯಲ್ಲಿ ಯಾವುದು ಜಿನುಗುತ್ತಿದೆ, ಯಾವುದು ಒಸರುತ್ತಿದೆ ಎಂದು ವರದಿ ತರತೊಡಗಿದಳು.

ಇನ್ನು ಕರಿಬೇವಿನ ಮಾತು. ಅದನ್ನು ಕಡೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ.

ನಾಲ್ಕು ವರ್ಷದ ಹಿಂದೆ ಅಮ್ಮ ಒಮ್ಮೆ, ಒಮ್ಮೆ ಮಾತ್ರ, ದೆಹಲಿಗೆ ಬಂದಿದ್ದರು. ಬರುವಾಗ ನಮ್ಮೂರ ಹಿತ್ತಲಿನ ಕರಿಬೇವಿನ ಬೇರಿನಿಂದ ಎದ್ದ ಒಂದು ಮರಿಯನ್ನು ಮಣ್ಣಿನ ಸಮೇತ ಹಾರ್ಲಿಕ್ಸ್ ಡಬ್ಬಿಯಲ್ಲಿ ಇಟ್ಟುಕೊಂಡು, ಎರಡು ರಾತ್ರಿಯೂ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ನಲ್ಲಿಯಿಂದ ಎರಡು ಗೇಣು ದೂರದಲ್ಲಿ ತಾವೇ ನೆಟ್ಟರು. "ನೀನು ಆಫೀಸಿನ ಗಲಾಟೇಲಿ ನೀರು ಹಾಕೋದು ಮರೀತೀಯ. ಇಲ್ಲಾದ್ರೆ ಪಾತ್ರೆ ತೊಳೆದ ನೀರಿಗಾದ್ರೂ ಬದುಕ್ತದೆ" ಎಂದಿದ್ದರು. ಬದುಕಿತು. ಆಳೆತ್ತರ ಬೆಳೆಯಿತು. ಈ ಚಳಿಗಾಲದಲ್ಲಿ ಮಾತ್ರ ಎಲೆಗಳು ಹಳದಿಯಾಗಿ ಉದುರತೊಡಗಿದವು. ದೆಹಲಿಯ ಚಳಿಗೆ ಕರಿಬೇವು ಎಲೆ ಉದುರಿಸುವುದುಂಟು, ಹಾಗೆಂದುಕೊಂಡೆ. ಫೆಬ್ರವರಿ ಬಂದರೂ ಚಿಗುರಲಿಲ್ಲ. ಹುಳಿಮಜ್ಜಿಗೆ ಹಾಕಿದೆ. ಯಾರೋ ಹೇಳಿದರೆಂದು ಯೂರಿಯಾ ಹಾಕಿದೆ. ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದೆ. ಗಿಡ ಇನ್ನೂ ಹಳದಿಯಾಯಿತು. ಅಮ್ಮ ಹೋದ ಹಿಂದೆಯೇ ಇದೂ ಹೋಗುತ್ತದೆಯೆಂದು ಒಳಗೊಳಗೇ ಹೆದರಿ, ಆ ಕಡೆ ನೋಡುವುದನ್ನೇ ಬಿಟ್ಟೆ.

ನಲ್ಲಿ ನಿಂತ ದಿನವೇ ಸಂಜೆ ಅಪ್ಪ ಗಿಡದ ಬುಡ ಕೆದಕಿದರು. ಒಂದು ಗೇಣು ಆಳಕ್ಕೆ ಕೆಸರು, ಕೊಳೆತ ವಾಸನೆ. ಉಗುರಿನಿಂದ ಕಾಂಡದ ಸಿಪ್ಪೆಯನ್ನು ಮೇಲಿನಿಂದ ಕೆರೆಯುತ್ತ ಬಂದರು. ಒಣಕಲು, ಒಣಕಲು, ಒಣಕಲು. ಮಂಡಿಯೆತ್ತರದಲ್ಲಿ ಒಂದಿಷ್ಟು ಹಸುರು ಕಂಡಿತು.

"ಜೀವ ಐತೆ" ಎಂದರು. "ಚಳಿಗಲ್ಲ ಕಣಪ್ಪ ಇದು ಹಿಂಗಾಗಿರೋದು. ನೀರು ಹೆಚ್ಚಾಗೈತೆ. ಹಗಲೂ ರಾತ್ರಿ ಬುಡ ನೆಂದಿದ್ರೆ ಬೇರಿಗೆ ಉಸಿರೆಲ್ಲಿ? ಅದರ ಮೇಲೆ ನಿನ್ನ ಮಜ್ಜಿಗೆ ಬೇರೆ."

ನಮ್ಮ ಸೀಮೆಯಲ್ಲಿ ನೀರಿಲ್ಲದೆ ಸತ್ತ ಮರಗಳನ್ನು ಕಂಡವರು ಅವರು. ನೀರು ಹೆಚ್ಚಾಗಿ ಗಿಡ ಸಾಯುವುದೆಂಬ ಮಾತನ್ನು ಅವರ ಬಾಯಿಂದ ಕೇಳುವುದು ನನಗೆ ವಿಚಿತ್ರವಾಗಿತ್ತು. ಅಂದು ರಾತ್ರಿ ಮಲಗಿದಾಗ ಬೇರೊಂದು ಯೋಚನೆ ಬಂತು. ಹಾಲು, ಹಣ್ಣು, ಬಿಸಿನೀರು, 'ನೀವು ಬಿಡಿ', 'ನೀವು ಕೂತ್ಕೊಳ್ಳಿ' ಇವನ್ನೆಲ್ಲ ಮೂರು ತಿಂಗಳಿಂದ ಹಗಲೂ ರಾತ್ರಿ ನಾವು ಯಾರ ಬುಡಕ್ಕೆ ಸುರಿಯುತ್ತಿದ್ದೆವು? ಈ ಮಾತನ್ನು ನನ್ನಾಕೆಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾಳೆಯಿಂದ ತರಕಾರಿ ತರೋಕೆ ಮಾವನ್ನೇ ಕಳಿಸ್ತೀನಿ" ಎಂದಳು.

ಮರುದಿನದಿಂದ ಹಿತ್ತಲು ಅಪ್ಪನ ಇಲಾಖೆಯಾಯಿತು. ನಾನು ಮಾರ್ಚ್ ತಿಂಗಳ ಕಡತಗಳೊಡನೆ ಹೆಣಗಾಡಿ ರಾತ್ರಿ ಮನೆಗೆ ಬರುವ ಹೊತ್ತಿಗೆ ಏನಾದರೊಂದು ಬದಲಾಗಿರುತ್ತಿತ್ತು. ಕರಿಬೇವಿನ ಒಣಗಿದ ಭಾಗವನ್ನು ಹಸುರು ಕಂಡ ಜಾಗದವರೆಗೆ ಕತ್ತರಿಸಿದರು. ಬುಡದ ಕೆಸರು ತೆಗೆದು, ಮರಳೂ ಒಣಮಣ್ಣೂ ಬೆರೆಸಿ ತುಂಬಿದರು. ಹತ್ತು ದಿನ ಒಂದು ತೊಟ್ಟು ನೀರು ಹಾಕಕೂಡದೆಂದು ನನಗೆ ಆಜ್ಞೆಯಾಯಿತು. ಪಾತ್ರೆ ತೊಳೆದ ನೀರು ಗಿಡದ ಬುಡ ಬಿಟ್ಟು ಆಚೆಗೆ ಹೋಗುವಂತೆ ಒಡೆದ ಇಟ್ಟಿಗೆ ಜೋಡಿಸಿ ಕಾಲುವೆ ಮಾಡಿದರು. ಅದರ ಕೊನೆಗೆ ಪಾತಿ ಕಟ್ಟಿ ಬೆಂಡೆ, ಹೀರೆ, ಸೋರೆ ಬೀಜ ಹಾಕಿದರು. ಉತ್ತರದೇಶದಲ್ಲಿ ಇವನ್ನು ಹಾಕುವ ಕಾಲ ಫೆಬ್ರವರಿ-ಮಾರ್ಚ್ ಎಂದು ಪಕ್ಕದ ಮನೆಯ ಪಂಜಾಬಿ ತಾಯಿ ಕೈಸನ್ನೆಯಲ್ಲಿ ತಿಳಿಸಿದರಂತೆ. ಆಕೆಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಆದರೆ ಗೋಡೆಯ ಎರಡು ಕಡೆ ನಿಂತು ಬೀಜದ ಆಳ, ಬಳ್ಳಿಯ ಹಂದರ, ಗೊಬ್ಬರದ ಪ್ರಮಾಣಗಳ ವಿಷಯ ಅವರಿಬ್ಬರೂ ಗಂಟೆಗಟ್ಟಲೆ ಚರ್ಚಿಸುತ್ತಿದ್ದರೆಂದು ನನ್ನಾಕೆ ಪ್ರಮಾಣ ಮಾಡಿ ಹೇಳುತ್ತಾಳೆ. ನಿಂತ ನೀರನ್ನೆಲ್ಲ ಅಪ್ಪ ಹುಡುಕಿ ಚೆಲ್ಲಿದರು. ಕೂಲರಿನ ತಳದಲ್ಲಿ ಹೋದ ವರ್ಷದ ನೀರು ಕೊಳೆತಿತ್ತು. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರುವುದಕ್ಕೆ ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ಕೂಲರಿನ ನೀರು ಚೆಲ್ಲಿ ಒಣಗಿಸುವ ಕೆಲಸವನ್ನು ಮಗಳಿಗೆ ವಹಿಸಿದರು.

ಒಂದು ದಿನ ಮಾತ್ರ ನನ್ನ ಕಾನೂನುಜ್ಞಾನಕ್ಕೂ ಬೆಲೆ ಬಂತು. ಮಾರ್ಚಿನಲ್ಲಿ ದೆಹಲಿಯ ಬೇವುಗಳು ಎಲೆ ಉದುರಿಸುತ್ತವೆ. ಗುಡಿಸಿ ಗುಡ್ಡೆ ಮಾಡಿ ಅಪ್ಪ ಬೆಂಕಿಕಡ್ಡಿ ಗೀರುವುದರಲ್ಲಿದ್ದರು. ನಾನು ಓಡಿಹೋಗಿ ಹಿಡಿದೆ. ದೆಹಲಿಯಲ್ಲಿ ಬಯಲಲ್ಲಿ ಎಲೆ, ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿಯೇ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತ್ತು ಎಂದು ವಿವರಿಸಿದೆ. "ಅಲ್ಲಿಗೆ ನಿನ್ನ ಓದು ಒಂದಕ್ಕಾದ್ರೂ ಬಂತು" ಎಂದು ಅಪ್ಪ ಮೂಲೆಯಲ್ಲಿ ಗುಂಡಿ ತೋಡಿ, ಎಲೆಯನ್ನೆಲ್ಲ ಅದರಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿದರು.

"ಅಪ್ಪಾ, ಇದು ಸರ್ಕಾರಿ ಮನೆ. ಈ ಗೊಬ್ಬರ ಆಗೋ ಹೊತ್ತಿಗೆ ನಾವು ಇಲ್ಲಿರ್ತೀವೋ ಇಲ್ಲವೋ" ಎಂದೆ.

"ನೀವಿಲ್ದೆ ಹೋದ್ರೆ ಇನ್ನೊಬ್ರು ಇರ್ತಾರೆ. ಅವರಿಗೇನು ಹೊಟ್ಟೆ ಇಲ್ವಾ?" ಎಂದು ಗುದ್ದಲಿ ತೊಳೆಯಲು ಹೋದರು.

ಯುಗಾದಿ ಬಂತು. ಅಮ್ಮ ಹೋದ ವರ್ಷವಾದ್ದರಿಂದ ನಮಗೆ ಹಬ್ಬವಿರಲಿಲ್ಲ. ಬೆಳಿಗ್ಗೆ ಎದ್ದಾಗ ಅಪ್ಪ ಗೋಡೆಯ ಪಕ್ಕ ಕುರ್ಚಿ ಹಾಕಿ ನಿಂತು ಬೇವಿನ ಕೊಂಬೆಗೆ ಕೈಚಾಚಿದ್ದರು. ಊರಿನಲ್ಲಾದರೆ ಈ ಹೊತ್ತಿಗೆ ಬೇವು ಹೂ ಬಿಟ್ಟಿರುತ್ತದೆ. ಇಲ್ಲಿ ಆಗತಾನೆ ತಾಮ್ರಬಣ್ಣದ ಚಿಗುರು. "ಹೂವಿಲ್ಲ, ಚಿಗುರಾದ್ರೂ ಆಗ್ಲಿ. ಮಗೀಗೇನು ಸೂತಕ?" ಎಂದು ನಾಲ್ಕು ಎಳೆಯ ಎಲೆ ಕಿತ್ತು, ಬೆಲ್ಲದೊಡನೆ ಮಗಳ ಬಾಯಿಗಿಟ್ಟರು. ಆಮೇಲೆ ನಮ್ಮಿಬ್ಬರನ್ನೂ ಕರೆದು ಕರಿಬೇವಿನ ಮೊಂಡುಕಾಂಡವನ್ನು ತೋರಿಸಿದರು. ಕತ್ತರಿಸಿದ ಜಾಗದಿಂದ ಎರಡು ಬೆರಳು ಕೆಳಗೆ, ಸಿಪ್ಪೆಯನ್ನು ಸೀಳಿಕೊಂಡು, ಅಕ್ಕಿಕಾಳಿನಷ್ಟು ಹಸುರು ಮೊಳಕೆ ಎದ್ದಿತ್ತು. ಪಕ್ಕದಲ್ಲಿ ಇನ್ನೊಂದು. ಅಪ್ಪ ಏನೂ ಹೇಳಲಿಲ್ಲ. ಬಹಳ ಹೊತ್ತು ನೋಡಿ, "ಅವಳ ಕೈ ಒಳ್ಳೇದು" ಎಂದರು. ಅಷ್ಟೆ.

ಏಪ್ರಿಲ್ ನಡುವೆ ಅಪ್ಪ ಊರಿಗೆ ಹೊರಟರು. ಭರಣಿ ಮಳೆಗೆ ಮುಂಚೆ ತೋಟದಲ್ಲಿರಬೇಕಂತೆ. ನಾನು ಬೇಡವೆನ್ನಲಿಲ್ಲ. ಚಳಿಗಾಲ ಕಳೆದ ಮೇಲೆ ಹೋಗುವುದು, ದೀಪಾವಳಿಗೆ ಮತ್ತೆ ಬರುವುದು ಎಂದು ಒಪ್ಪಂದವಾಗಿದೆ. ಕೈಚೀಲದಲ್ಲಿ ಪಂಜಾಬಿ ತಾಯಿ ಕೊಟ್ಟ ಸೋರೆಯ ಬೀಜದ ಪೊಟ್ಟಣ ಇತ್ತು. ಬಂಗಾಲಿ ಬಾಬು ಸ್ಟೇಷನ್ನಿಗೆ ಬೀಳ್ಕೊಡಲು ಬಂದರು. ಆ ಭಾನುವಾರದ ನಂತರ ತಮ್ಮ ಮನೆಯ ಎರಡು ನಲ್ಲಿಗಳನ್ನೂ ಅವರು ಅಪ್ಪನಿಂದಲೇ ಸರಿಮಾಡಿಸಿಕೊಂಡಿದ್ದರು.

ಅಪ್ಪ ಹೋದ ಮೂರನೆಯ ದಿನ ದುರಸ್ತಿ ಕಚೇರಿಯವರು ಬಂದರು. ನಲ್ಲಿಯನ್ನು ತಿರುಗಿಸಿ ನೋಡಿದರು. ಸೋರುತ್ತಿರಲಿಲ್ಲ. ಸೋರದ ನಲ್ಲಿಯ ಮೇಲೆ ದೂರು ಕೊಟ್ಟದ್ದೇಕೆಂದು ಕೇಳಿದರು. ಉತ್ತರ ಹೇಳಲು ತೋಚಲಿಲ್ಲ. ಕಾಗದ ಮುಂದಿಟ್ಟರು: 'ದುರಸ್ತಿ ತೃಪ್ತಿಕರವಾಗಿ ಆಗಿದೆ'. ಕೆಳಗೆ ರುಜು ಹಾಕಿದೆ. ಹನ್ನೊಂದು ವರ್ಷದ ನೌಕರಿಯಲ್ಲಿ ಅಷ್ಟು ಸತ್ಯವಾದ ಕಾಗದಕ್ಕೆ ನಾನು ರುಜು ಹಾಕಿದ್ದು ಕಡಿಮೆ.

ಈಗ ಭಾನುವಾರಗಳಲ್ಲಿ ಅಪ್ಪ ಫೋನು ಮಾಡುತ್ತಾರೆ. ಸೌಖ್ಯವೆ, ಮಗು ಹೇಗಿದೆ ಎಂದು ಕೇಳುವ ಪದ್ಧತಿ ಅವರದಲ್ಲ.

"ನಲ್ಲಿ ಹೆಂಗೈತೆ?"

"ತೊಟ್ಟಿಕ್ತಾ ಇಲ್ಲ ಅಪ್ಪಾ."

"ಗಿಡ?"

"ಒಂದು ಗೇಣು ಬೆಳೆದಿದೆ. ನೀರು ಹೆಚ್ಚು ಹಾಕ್ತಾ ಇಲ್ಲ."

"ಸರಿ ಮತ್ತೆ" ಎಂದು ಇಟ್ಟುಬಿಡುತ್ತಾರೆ. ಕೇಳಬೇಕಾದ್ದನ್ನೆಲ್ಲ ಕೇಳಿ ಆಯಿತು ಎಂಬ ಹಾಗೆ. ನಾನೂ ಹೇಳಬೇಕಾದ್ದನ್ನೆಲ್ಲ ಹೇಳಿದ ಹಾಗೆ ಫೋನು ಕೆಳಗಿಟ್ಟು, ಬೆಂಡೆಯ ಪಾತಿಗೆ ನೀರು ಬಿಡಲು ಹಿತ್ತಲಿಗೆ ಹೋಗುತ್ತೇನೆ.